ಕಾಡಿಗೂ ಹೊಳೆಗೂ ನಡುವಿನ ಸಂದು

ನಾನು ಸೈಕಲ್ ತುಳಿಯುವ ದಾರಿ ಹೇಗಿದೆ ಎಂದು ಯಾರಾದರೂ ಕೇಳಿದರೆ, ಮೊದಲು ನಗರದಂಚಿನ ಕಾಡಿನೊಳಗಿನ 7 ಕಿಲೋಮೀಟರುಗಳನ್ನು ವರ್ಣಿಸುತ್ತೇನೆ, ಆಮೇಲೆ ಹೊಳೆಯ ದಂಡೆಯ ಉದ್ಯಾನದಲ್ಲಿ ಸಾಗುವ 11 ಕಿಲೋಮೀಟರುಗಳನ್ನು. ಇವೆರಡರ ನಡುವೆ ಇರುವ 600 ಮೀಟರಿನ ಹೆದ್ದಾರಿಯ ತುಂಡನ್ನು ಮಾತ್ರ ನಾನು ಎಂದೂ ವರ್ಣಿಸಿದವನಲ್ಲ. ಅದು ದಾರಿಗೆ ಸೇರಿದ್ದೇ ಅಲ್ಲವೆಂಬಂತೆ ಮಾತಿನಲ್ಲಿ ದಾಟಿಬಿಡುತ್ತೇನೆ. ಆದರೆ ಬೆಳಿಗ್ಗೆ ಎದ್ದು, ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡಿ, ಇವತ್ತು ಹೊರಡುವುದೋ ಬೇಡವೋ ಎಂದು ಬಾಗಿಲಲ್ಲಿ ನಿಂತು ಯೋಚಿಸುವಾಗ ಕಣ್ಣಮುಂದೆ ಬರುವುದು ಆ 600 ಮೀಟರುಗಳೇ. ನಿದ್ದೆ ಸಾಲದ ದಿನ, ಮಬ್ಬು ಕವಿದ ದಿನ, ಜೊತೆಗೆ ಯಾರನ್ನಾದರೂ ಕರೆದೊಯ್ಯಬೇಕಾದ ದಿನ, ಅವುಗಳನ್ನು ನೆನೆದು ಸೈಕಲ್ಲನ್ನು ಮತ್ತೆ ಗೋಡೆಗೆ ಒರಗಿಸಿದ್ದೇನೆ. ಒಟ್ಟು ದಾರಿಯ ಮೂವತ್ತೊಂದನೆಯ ಒಂದು ಭಾಗಕ್ಕೆ ಉಳಿದ ಮೂವತ್ತು ಭಾಗಗಳನ್ನೂ ರದ್ದುಮಾಡುವ ಶಕ್ತಿ ಇದೆಯೆಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ.

ಸಂದು ಎಂಬ ಮಾತಿಗೆ ಎರಡು ವಸ್ತುಗಳು ಕೂಡುವ ಜಾಗ ಎಂಬ ಅರ್ಥವೂ ಇದೆ, ಅವುಗಳ ನಡುವೆ ತೆರೆದುಕೊಂಡ ಬಿರುಕು ಎಂಬ ಅರ್ಥವೂ ಇದೆ. ಮೈಯಲ್ಲಿ ಮೂಳೆಗೆ ಮೂಳೆ ಸೇರುವ ಕಡೆ ಸಂದು. ಗೋಡೆಯ ಕಲ್ಲುಗಳ ನಡುವೆ ಹಲ್ಲಿ ನುಸುಳುವುದೂ ಸಂದು. ನಕ್ಷೆಯಲ್ಲಿ ನೋಡಿದರೆ ನನ್ನ ಕಾಡು ಮತ್ತು ಹೊಳೆಯ ಉದ್ಯಾನ ಎರಡೂ ಹಸಿರು ಬಣ್ಣದ ತುಂಡುಗಳಾಗಿ ಹೆಚ್ಚುಕಡಿಮೆ ಒಂದನ್ನೊಂದು ಮುಟ್ಟುತ್ತವೆ, ನಡುವಿನ ಹೆದ್ದಾರಿ ಕೂದಲೆಳೆಯಷ್ಟು ತೆಳ್ಳಗೆ ಕಾಣುತ್ತದೆ. ನಕ್ಷೆ ಕೀಲನ್ನು ತೋರಿಸುತ್ತದೆ, ನೆಲದ ಮೇಲೆ ನಿಂತಾಗ ಬಿರುಕು ಕಾಣುತ್ತದೆ. ಸೈಕಲ್ ದಾರಿಗಳ ಬಗ್ಗೆ ಬರೆಯುವವರು, ಅವುಗಳನ್ನು ಯೋಜಿಸುವವರು, ಉದ್ಘಾಟಿಸುವವರು ಎಲ್ಲರೂ ಕಿಲೋಮೀಟರುಗಳ ಲೆಕ್ಕ ಕೊಡುತ್ತಾರೆ. ಸಂದುಗಳ ಲೆಕ್ಕ ಕೊಟ್ಟವರನ್ನು ನಾನು ಕಂಡಿಲ್ಲ.

ಕಾಡಿನ ಕಡೆ

ಕಾಡಿನ ದಾರಿಯನ್ನು ಸಂದಿನ ನೆಪದಲ್ಲಿ ಬದಿಗೆ ಸರಿಸುವುದು ಸರಿಯಲ್ಲ, ಏಕೆಂದರೆ ಸೈಕಲ್ ತುಳಿಯುವುದೆಂದರೆ ಏನೆಂದು ನನಗೆ ಕಲಿಸಿದ್ದು ಅದೇ. ಅದರ ಮೊದಲ ಎರಡು ಕಿಲೋಮೀಟರಿಗೆ ಹಿಂದೆಂದೋ ಡಾಂಬರು ಹಾಕಿದ್ದಾರೆ, ಆಮೇಲಿನದು ಸಣ್ಣ ಜಲ್ಲಿಯನ್ನು ಮಣ್ಣಿನೊಂದಿಗೆ ಬಡಿದು ಕೂರಿಸಿದ ದಾರಿ. ಡಾಂಬರಿನ ಭಾಗವೇ ಹೆಚ್ಚು ಚೆನ್ನಾಗಿರಬೇಕೆಂದು ಹೊಸಬರು ಎಣಿಸುತ್ತಾರೆ, ಆದರೆ ಮರಗಳ ಬೇರು ಆ ಡಾಂಬರನ್ನು ಅಡ್ಡಡ್ಡ ಏರಿಗಳಾಗಿ ಎತ್ತಿಬಿಟ್ಟಿದೆ. ಬೇರು ಬೇಕೆಂದು ಕಲ್ಲನ್ನು ಒಡೆಯಲು ಹೊರಟದ್ದಲ್ಲ. ಡಾಂಬರಿನ ಅಡಿಯ ಮಣ್ಣಿನಿಂದ ನೀರು ಆವಿಯಾಗಿ ಹೋಗಲಾರದೆ ಅಲ್ಲಿಯೇ ತಂಗುತ್ತದೆ, ಅಡಿಪಾಯದ ಜಲ್ಲಿಯ ನಡುವೆ ಗಾಳಿಯೂ ಇರುತ್ತದೆ. ತೇವ ಮತ್ತು ಗಾಳಿ ಎರಡೂ ಒಂದೇ ಕಡೆ ಸಿಗುವ ಆ ತೆಳು ಪದರದಲ್ಲಿ ಹರಡಿಕೊಂಡ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಮೇಲಿನ ಹಾಸನ್ನು ಎತ್ತುತ್ತದೆ. ಜಲ್ಲಿಮಣ್ಣಿನ ದಾರಿ ಹಾಗಲ್ಲ, ಅದು ಬೇರಿನ ಮೇಲೆ ಮೆಲ್ಲಗೆ ಉಬ್ಬಿ ಹೊಂದಿಕೊಳ್ಳುತ್ತದೆ, ಸವೆದ ಕಡೆ ಒಂದು ಬುಟ್ಟಿ ಮಣ್ಣು ಸುರಿದರೆ ಸರಿಯಾಗುತ್ತದೆ. ಮೊದಲು ನಾನು 28 ಮಿಲಿಮೀಟರಿನ ತೆಳು ಟೈರುಗಳನ್ನು ಗಟ್ಟಿಯಾಗಿ ಗಾಳಿ ತುಂಬಿ ಓಡಿಸುತ್ತಿದ್ದೆ. ಪ್ರತಿ ಬೇರೂ ಮಣಿಕಟ್ಟಿನಲ್ಲಿ ನೋವಾಗಿ ಉಳಿಯುತ್ತಿತ್ತು. 40 ಮಿಲಿಮೀಟರಿನ ಟೈರುಗಳಿಗೆ ಬದಲಿಸಿ ಗಾಳಿಯನ್ನು ಕಡಿಮೆ ಮಾಡಿದ ದಿನ, ಅದೇ ಕಾಡಿನಲ್ಲಿ ಮೊದಲ ಬಾರಿಗೆ ತಲೆಯೆತ್ತಿ ಮರಗಳನ್ನು ನೋಡುತ್ತಾ ಸಾಗಿದೆ.

ಕಾಡಿನಲ್ಲಿ ಬೆಳಕು ಕೂಡ ನೆಲದಷ್ಟೇ ಎಚ್ಚರ ಬೇಡುತ್ತದೆ. ಬಯಲಿನ ಬಿಸಿಲಿನಿಂದ ಒಮ್ಮೆಲೆ ದಟ್ಟ ನೆರಳಿಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳುವವರೆಗೆ ಕೆಲವು ಕ್ಷಣ ಏನೂ ಕಾಣುವುದಿಲ್ಲ, ಸೈಕಲ್ ಮಾತ್ರ ಆ ಕ್ಷಣಗಳಲ್ಲಿಯೂ ಹತ್ತಾರು ಮೀಟರು ಮುಂದೆ ಹೋಗಿರುತ್ತದೆ. ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳ ನಡುವೆ ಬೇರು ಯಾವುದು, ಕೊಂಬೆಯ ನೆರಳು ಯಾವುದು ಎಂದು ಬೇರ್ಪಡಿಸಲು ಸಾಧ್ಯವೇ ಇಲ್ಲ. ಒದ್ದೆ ಎಲೆಗಳು ಹಾಸಿದ ತಿರುವಿನಲ್ಲಿ ಮುಂದಿನ ಬ್ರೇಕನ್ನು ಮುಟ್ಟಬಾರದು, ವೇಗವನ್ನು ತಿರುವಿಗೆ ಮೊದಲೇ ಇಳಿಸಿಕೊಂಡಿರಬೇಕು. ಇವೆಲ್ಲ ಸೇರಿ ಕಾಡು ಸವಾರನನ್ನು ತಾನಾಗಿಯೇ ನಿಧಾನಗೊಳಿಸುತ್ತದೆ; ನಡೆಯುವವರೂ ಸೈಕಲ್ಲಿನವರೂ ಅಲ್ಲಿ ಜಗಳವಿಲ್ಲದೆ ದಾರಿ ಹಂಚಿಕೊಳ್ಳುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ. ಹೊಳೆಯ ದಂಡೆಯ ನುಣುಪಾದ ನೇರ ದಾರಿಯಲ್ಲಿ ಆ ತಡೆ ಇಲ್ಲ. ಅಲ್ಲಿ ಗಂಟೆ ಬಾರಿಸುವುದಕ್ಕಿಂತ ಮೊದಲು ಪೆಡಲ್ ನಿಲ್ಲಿಸುವ ಅಭ್ಯಾಸವನ್ನು ನಾವೇ ಬೆಳೆಸಿಕೊಳ್ಳಬೇಕಾಗುತ್ತದೆ.

ಗಾಳಿಯ ವಿಷಯದಲ್ಲಿ ಎರಡೂ ಬೇರೆ ಬೇರೆ ಲೋಕಗಳು. ಮರಗಳ ನಡುವೆ ಗಾಳಿ ತುಂಡುತುಂಡಾಗಿ ಸೋತುಹೋಗಿರುತ್ತದೆ. ಹೊಳೆಯ ಬಯಲಿಗೆ ಬಂದೊಡನೆ ಅದು ಎದೆಗೆ ಬಡಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಹೋಗುವವನಿಗೆ ಅಷ್ಟೇ ವೇಗದ ಎದುರುಗಾಳಿ ಸಿಕ್ಕರೆ, ಗಾಳಿಯಿಲ್ಲದ ಹೊತ್ತಿಗಿಂತ ನಾಲ್ಕು ಪಟ್ಟು ಒತ್ತಡವನ್ನು ಅವನು ತಳ್ಳುತ್ತಿರುತ್ತಾನೆ. ಸಂಜೆಯ ಹೊತ್ತು ಇನ್ನೊಂದು ವಿಶೇಷವಿದೆ: ಬಯಲು ತಣಿದಂತೆ ಭಾರವಾದ ತಂಪು ಗಾಳಿ ಇಳಿಜಾರಿನಗುಂಟ ಜಾರಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ಹಾಗಾಗಿ ಕಾಡಿನಿಂದ ಹೊಳೆಯ ಕಡೆಗೆ ಇಳಿಯುವಾಗ ಒಂದು ನಿರ್ದಿಷ್ಟ ತಿರುವಿನಲ್ಲಿ ಮೊಣಕಾಲುಗಳಿಗೆ ಮೊದಲು, ಆಮೇಲೆ ಮುಖಕ್ಕೆ ಚಳಿ ತಾಗುತ್ತದೆ. ಆ ತಿರುವಿನಲ್ಲಿ ನಾನು ಪ್ರತಿ ಬಾರಿಯೂ ತುಳಿಯುವುದನ್ನು ನಿಲ್ಲಿಸುತ್ತೇನೆ. ಹೊಳೆ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ, ಅಷ್ಟರಲ್ಲಿ ಮೈಗೆ ಅದರ ಸುಳಿವು ಸಿಕ್ಕಿರುತ್ತದೆ.

ರಸ್ತೆಯ ಅಂಚಿನಲ್ಲಿ

ನನ್ನ ತಂಗಿಯ ಮಗಳಿಗೆ ಆಗ ಒಂಬತ್ತು ವರ್ಷ. ಆ ಬೇಸಿಗೆಯಲ್ಲಿ ಅವಳಿಗೆ ಗೇರ್ ಇರುವ ಸೈಕಲ್ ಬಂದಿತ್ತು. ಕಾಡಿನ ದಾರಿಯನ್ನು ಅವಳು ನಾಲ್ಕು ಬಾರಿ ಮುಗಿಸಿದ್ದಳು, ಬೇರುಗಳ ಮೇಲೆ ಸೀಟಿನಿಂದ ಸ್ವಲ್ಪ ಎದ್ದು ನಿಲ್ಲುವುದನ್ನು ಯಾರೂ ಹೇಳಿಕೊಡದೆ ಕಲಿತಿದ್ದಳು, ಇನ್ನು ಹೊಳೆಯವರೆಗೆ ಹೋಗಬೇಕೆಂದು ಹಟ ಹಿಡಿದಿದ್ದಳು. ಒಂದು ಭಾನುವಾರ ಬೆಳಿಗ್ಗೆ, ಬೆಳಕು ಹರಿದು ಅರ್ಧ ಗಂಟೆಯೂ ಆಗಿರಲಿಲ್ಲ, ನಾವು ಕಾಡಿನ ಕೊನೆಯ ಗೇಟನ್ನು ದಾಟಿ ಹೆದ್ದಾರಿಯ ಅಂಚಿಗೆ ಬಂದೆವು. ಹೆದ್ದಾರಿ ಅಲ್ಲಿ ಎತ್ತರದ ಮಣ್ಣಿನ ಏರಿಯ ಮೇಲೆ ಹೋಗುತ್ತದೆ. ಏರಿಯ ಮೇಲೆ ನಿಂತರೆ ಎದುರಿಗೆ, ಉದ್ಯಾನದ ಮರಗಳಾಚೆ ಹೊಳೆಯ ನೀರು ಹೊಳೆಯುವುದು ಕಾಣುತ್ತದೆ. ಅವಳು ಅದನ್ನು ನೋಡಿ ಸಂತೋಷದಿಂದ ಕೂಗಿದಳು.

ಆಮೇಲೆ ನಾವು ಕಾದೆವು. ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿಯೊಂದೂ ದಾಟಿದಾಗ ಮೊದಲು ನಮ್ಮನ್ನು ಹಿಂದಕ್ಕೆ ತಳ್ಳುವ ಗಾಳಿ, ಮರುಕ್ಷಣ ರಸ್ತೆಯ ಕಡೆಗೆ ಎಳೆಯುವ ಗಾಳಿ. ಒಬ್ಬನೇ ಇದ್ದಾಗ ಆ ಎಳೆತ ನನಗೆ ಲೆಕ್ಕಕ್ಕೆ ಬಂದಿರಲಿಲ್ಲ. ಅವಳ ಸೈಕಲ್ಲಿನ ಮುಂದಿನ ಚಕ್ರ ಆ ಎಳೆತಕ್ಕೆ ಸ್ವಲ್ಪ ತಿರುಗಿದ್ದನ್ನು ಕಂಡು ನಾನು ಅವಳ ಸೀಟನ್ನು ಕೈಯಲ್ಲಿ ಹಿಡಿದುಕೊಂಡೆ. ಎರಡು ಸಲ ದಾಟಲು ಹೊರಟು ಎರಡು ಸಲವೂ ಹಿಂದೆ ಸರಿದೆವು. ದಾಟಿದರೂ ಆಚೆ ಬದಿಯ ಕಿರಿದಾದ ಅಂಚಿನಲ್ಲಿ 600 ಮೀಟರು ಹೋಗಬೇಕಿತ್ತು, ಮರಳುವಾಗ ಮತ್ತೆ ಅಷ್ಟೇ. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಸೀಟಿನಿಂದ ಇಳಿದು, ಹ್ಯಾಂಡಲನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡು, ಸೈಕಲ್ಲನ್ನು ಕಾಡಿನ ಕಡೆಗೆ ತಿರುಗಿಸಿದಳು. ಹೊಳೆಗೆ ಹೋಗೋಣ ಎಂಬ ಮಾತನ್ನು ಅದಾದ ಮೇಲೆ ಎತ್ತಲಿಲ್ಲ. ನಾನು ಸೈಕಲ್ ದಾರಿಗಳ ಬಗ್ಗೆ ಓದತೊಡಗಿದ್ದು ಆ ಭಾನುವಾರದ ನಂತರ.

ಬೇರೆ ಕಡೆ ಹೇಗೆ ಕೂಡಿಸಿದರು

ಓದುತ್ತಾ ಹೋದಂತೆ ಮೊದಲು ಹೊಳೆದದ್ದು, ನಗರಗಳ ಅಂಚಿನಲ್ಲಿ ಇಂಥ ಹಸಿರು ಉಳಿದಿರುವುದು ಬಹುಪಾಲು ಕಡೆ ಸೈಕಲ್ಲಿನವರಿಗಾಗಿ ಅಲ್ಲ, ಬೇರೆ ಯಾವುದೋ ಕಾರಣಕ್ಕೆ. ರಾಜರು ಬೇಟೆಗೆಂದು ಕಾಯ್ದಿರಿಸಿಕೊಂಡ ಕಾಡುಗಳಿವೆ. ನೆರೆ ನುಗ್ಗುವ ಕಾರಣಕ್ಕೆ ಮನೆ ಕಟ್ಟಲಾಗದೆ ಬಿಟ್ಟ ದಂಡೆಗಳಿವೆ. ವಿಯೆನ್ನಾದಲ್ಲಿ ಡ್ಯಾನ್ಯೂಬ್ ನದಿಯ ನೆರೆಯನ್ನು ಬೇರೆಡೆಗೆ ಹರಿಸಲು 1972ರಿಂದ 1988ರವರೆಗೆ ಹೊಸ ಕಾಲುವೆ ತೋಡಿದಾಗ, ಅಗೆದ ಮಣ್ಣಿನಿಂದಲೇ ಸುಮಾರು 21 ಕಿಲೋಮೀಟರು ಉದ್ದದ ಕಿರಿದಾದ ದ್ವೀಪವೊಂದು ಎದ್ದಿತು. ಇಂದು ಅದು ಆ ನಗರದ ಸೈಕಲ್ ಸವಾರರ ಅಚ್ಚುಮೆಚ್ಚಿನ ತಾಣ. ಕಾಡನ್ನೇ ಹೊಸದಾಗಿ ನೆಟ್ಟವರೂ ಇದ್ದಾರೆ. ಆಮ್‌ಸ್ಟರ್‌ಡ್ಯಾಮಿನ ಅಂಚಿನಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿರುವ ಬಯಲಿನಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಜನರಿಗೆ 1934ರಿಂದ ಗುದ್ದಲಿ ಕೊಟ್ಟು ಎಬ್ಬಿಸಿದ ಕಾಡು ಇಂದು ಸುಮಾರು 1000 ಹೆಕ್ಟೇರು ಹರಡಿಕೊಂಡಿದೆ. ಆ ಮರಗಳ ನೆರಳಿನಲ್ಲಿ ಸೈಕಲ್ ತುಳಿಯುವವರಲ್ಲಿ ಎಷ್ಟು ಜನ ಆ ಗುದ್ದಲಿಗಳನ್ನು ನೆನೆಯುತ್ತಾರೋ, ನಾನು ಮಾತ್ರ ಆ ಬಗ್ಗೆ ಓದಿದ ಮೇಲೆ ಹಲವು ದಿನ ನೆನೆದೆ.

ನೆಲ ಉಳಿದಿದ್ದು ಬೇರೆ ಕಾರಣಕ್ಕಾದರೂ, ಅವುಗಳನ್ನು ಕೂಡಿಸಿದ್ದು ಮಾತ್ರ ಹಲವು ಕಡೆ ಯಾರೋ ಒಬ್ಬರು ಕುಳಿತು ಯೋಚಿಸಿ ಮಾಡಿದ ಕೆಲಸ. ಅಮೆರಿಕದ ಉದ್ಯಾನ ವಿನ್ಯಾಸಕ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಾಸ್ಟನ್ನಿನ ಉದ್ಯಾನಗಳನ್ನು ಒಂದು ಸಣ್ಣ ನದಿಯ ದಂಡೆಗುಂಟ ಹಾರದಂತೆ ಪೋಣಿಸಿದರು; ಅದೇ ಕೆಲಸದಲ್ಲಿ ಕೊಳಚೆಯ ಮತ್ತು ನೆರೆಯ ಸಮಸ್ಯೆಗಳಿಗೂ ಪರಿಹಾರ ಹುಡುಕಿದರು. ಅವರೂ ಅವರ ಜೊತೆಗಾರ ಕ್ಯಾಲ್ವರ್ಟ್ ವಾಕ್ಸ್ ಅವರೂ ಕಲ್ಪಿಸಿದ, ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿನಿಂದ ಕಡಲ ಕಡೆಗೆ ಸಾಗುವ ಮರಸಾಲಿನ ಹೆದ್ದಾರಿಯಲ್ಲಿ 1894ರಲ್ಲಿ ಸೈಕಲ್ಲಿಗಾಗಿಯೇ ಪ್ರತ್ಯೇಕ ದಾರಿ ತೆರೆಯಿತು. ಒಂದು ತುದಿಗೆ ಉದ್ಯಾನ, ಇನ್ನೊಂದು ತುದಿಗೆ ಸಮುದ್ರ. ಮೋಟಾರು ವಾಹನಗಳು ರಸ್ತೆಗಳನ್ನು ತುಂಬುವ ಮೊದಲೇ, ನೂರಮೂವತ್ತು ವರ್ಷಗಳ ಹಿಂದೆಯೇ, ಉದ್ಯಾನ ಎಷ್ಟು ಚೆಂದವಿದ್ದರೂ ಅಲ್ಲಿಂದ ಮುಂದಕ್ಕೆ ಹೋಗಲು ದಾರಿ ಬೇಕೆಂಬುದು ಅವರಿಗೆ ತಿಳಿದಿತ್ತು.

ಲಂಡನ್ನಿನ ಎಪ್ಪಿಂಗ್ ಕಾಡಿನ ಉದಾಹರಣೆಯನ್ನು ನಾನು ಮತ್ತೆ ಮತ್ತೆ ಓದಿದೆ, ಏಕೆಂದರೆ ಅದು ನನ್ನ ಕಾಡಿನ ಸ್ಥಿತಿಗೆ ಹತ್ತಿರದ್ದು. 1878ರ ಕಾಯಿದೆಯಿಂದ ಸಾರ್ವಜನಿಕರಿಗಾಗಿ ಉಳಿದ ಆ ಕಾಡಿನ ಅಂಚಿನಲ್ಲಿ 1980ರ ದಶಕದಲ್ಲಿ ನಗರವನ್ನು ಸುತ್ತುವ ಎಂ25 ಮೋಟಾರುದಾರಿ ಹಾದುಹೋಗಬೇಕಾಯಿತು. ಕಾಡನ್ನು ಸೀಳಿಕೊಂಡು ಹೋಗುವ ಬದಲು ಆ ದಾರಿಯನ್ನು ಬೆಲ್ ಕಾಮನ್ ಎಂಬಲ್ಲಿ ನೆಲದಡಿಯ ಸುರಂಗದಲ್ಲಿ ಒಯ್ದರು. ಸುರಂಗದ ಮೇಲೆ ಇವತ್ತಿಗೂ ಕ್ರಿಕೆಟ್ ಮೈದಾನವಿದೆ. ಯಾರು ಕೆಳಗೆ ಹೋಗಬೇಕು, ಯಾರು ಮೇಲೆ ಉಳಿಯಬೇಕು ಎಂಬ ಪ್ರಶ್ನೆ ಎದ್ದಾಗ ಅಲ್ಲಿ ರಸ್ತೆಯನ್ನು ಕೆಳಗೆ ಕಳಿಸಿದರು. ಇದಕ್ಕೆ ವಿರುದ್ಧವಾಗಿ ನೆದರ್‌ಲೆಂಡ್ಸಿನ ಐಂಡ್‌ಹೋವನ್ನಿನಲ್ಲಿ 2012ರಲ್ಲಿ ಸೈಕಲ್ಲಿನವರನ್ನು ಮೇಲಕ್ಕೆತ್ತಿದರು: ಒಂದೇ ಕಂಬದಿಂದ ಉಕ್ಕಿನ ಹಗ್ಗಗಳಲ್ಲಿ ತೂಗುಬಿಟ್ಟ, 72 ಮೀಟರು ಅಡ್ಡಳತೆಯ ವೃತ್ತಾಕಾರದ ಸೇತುವೆಯ ಮೇಲೆ ಸೈಕಲ್ಲುಗಳು ತಿರುಗುತ್ತವೆ, ಕೆಳಗೆ ವಾಹನಗಳು ತಮ್ಮ ಪಾಡಿಗೆ ಹೋಗುತ್ತವೆ. ಚಿತ್ರದಲ್ಲಿ ನೋಡಲು ಅದು ಬೆರಗು ಹುಟ್ಟಿಸುತ್ತದೆ. ಆದರೆ ಒಂಬತ್ತು ವರ್ಷದ ಹುಡುಗಿಯನ್ನು ಹೊಳೆಗೆ ಕರೆದೊಯ್ಯುವುದಕ್ಕೆ ಅಷ್ಟು ದೊಡ್ಡ ಕಟ್ಟಡ ಬೇಕೇ ಎಂಬ ಪ್ರಶ್ನೆ ನನ್ನೊಳಗೆ ಉಳಿಯಿತು.

ಉತ್ತರದ ಕಡೆಗೆ ನನ್ನನ್ನು ಒಯ್ದದ್ದು ವೆಲೆನ್ಸಿಯಾ. ಆ ಸ್ಪೇನಿನ ನಗರದ ನಡುವೆ ಹರಿಯುತ್ತಿದ್ದ ತೂರಿಯಾ ನದಿ 1957ರ ಅಕ್ಟೋಬರಿನಲ್ಲಿ ಉಕ್ಕಿ ಅನೇಕರ ಪ್ರಾಣ ತೆಗೆದುಕೊಂಡ ಮೇಲೆ, ನದಿಯನ್ನೇ ನಗರದ ಹೊರಗಿನ ಹೊಸ ಪಾತ್ರಕ್ಕೆ ತಿರುಗಿಸಿದರು. ಒಣಗಿದ ಹಳೆಯ ಪಾತ್ರದಲ್ಲಿ ಮೋಟಾರುದಾರಿ ಹಾಕುವ ಯೋಜನೆಯಿತ್ತು. ಜನ ಅದನ್ನು ವಿರೋಧಿಸಿ ನಿಂತರು, 1986ರಲ್ಲಿ ಅಲ್ಲಿ ಉದ್ಯಾನ ತೆರೆಯಿತು. ಸುಮಾರು 9 ಕಿಲೋಮೀಟರು ಉದ್ದದ ಆ ಉದ್ಯಾನದಲ್ಲಿ ಸೈಕಲ್ ತುಳಿಯುವವನು 18 ಸೇತುವೆಗಳ ಅಡಿಯಲ್ಲಿ ಹಾದುಹೋಗುತ್ತಾನೆ, ರಸ್ತೆಯನ್ನು ದಾಟಬೇಕಾದ ಪ್ರಸಂಗ ಬರುವುದಿಲ್ಲ. ಅಲ್ಲಿಯ ಸಂದುಗಳನ್ನು ಸೈಕಲ್ಲಿನವರಿಗಾಗಿ ಯಾರೂ ಕಟ್ಟಿದ್ದಲ್ಲ. ಅವುಗಳಲ್ಲಿ ಹಳೆಯವು ನೀರು ಅಡಿಯಿಂದ ಹರಿಯಬೇಕೆಂದು ಶತಮಾನಗಳ ಉದ್ದಕ್ಕೂ ಎತ್ತಿದ ಸೇತುವೆಗಳು. ರಸ್ತೆಗಳು ಹೆಚ್ಚಾಗಿ ಕಾಡನ್ನು ನೆಲಮಟ್ಟದಲ್ಲಿಯೇ ಕತ್ತರಿಸುತ್ತವೆ, ಆದರೆ ನೀರಿನ ಮುಂದೆ ಮಾತ್ರ ಮೇಲೇರುತ್ತವೆ. ಕಾಡಿನ ದಾರಿಗಿಂತ ಹೊಳೆದಂಡೆಯ ದಾರಿ ಸಾಮಾನ್ಯವಾಗಿ ಹೆಚ್ಚು ಅಖಂಡವಾಗಿರುವುದರ ಗುಟ್ಟು ಇದೆಂದು ನನಗೆ ಆಗ ಅರ್ಥವಾಯಿತು.

ದಂಡೆಯ ದಾರಿಗೆ ಇನ್ನೊಂದು ವರವೂ ನೀರಿನಿಂದಲೇ ಬಂದದ್ದು, ಅದು ಸಮತಟ್ಟು. ವಾಷಿಂಗ್ಟನ್ನಿನಿಂದ ಕಂಬರ್ಲ್ಯಾಂಡಿನವರೆಗೆ ಪೊಟೊಮ್ಯಾಕ್ ನದಿಯ ಪಕ್ಕದಲ್ಲಿ ತೋಡಿದ ಹಳೆಯ ಕಾಲುವೆಯ ದಂಡೆ, ಒಂದು ಕಾಲದಲ್ಲಿ ಹೇಸರಗತ್ತೆಗಳು ದೋಣಿ ಎಳೆಯುತ್ತಾ ನಡೆದ ದಾರಿ, ಸುಮಾರು 297 ಕಿಲೋಮೀಟರಿನಲ್ಲಿ ಏರುವುದು 184 ಮೀಟರು ಮಾತ್ರ. ಅದನ್ನೂ ರಸ್ತೆ ಮಾಡಬೇಕೆಂದು ಹೊರಟಾಗ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ 1954ರಲ್ಲಿ ಪತ್ರಿಕಾ ಸಂಪಾದಕರನ್ನು ಕರೆದುಕೊಂಡು ಅಷ್ಟೂ ದೂರ ನಡೆದರು. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ನಕ್ಷೆಯ ಮೇಲೆ ವಾದಿಸುವ ಬದಲು ನೆಲದ ಮೇಲೆ ಕರೆದೊಯ್ದು ತೋರಿಸಿದ ಆ ಕ್ರಮವನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಹೂಳು

ನೀರು ಕೊಟ್ಟ ಸಂದನ್ನು ನೀರೇ ಮುಚ್ಚುತ್ತದೆ. ನನ್ನ ಹೊಳೆಯ ಉದ್ಯಾನದಲ್ಲಿಯೂ ಎರಡು ಸೇತುವೆಗಳ ಅಡಿಯಲ್ಲಿ ದಾರಿ ತಗ್ಗಿಗೆ ಇಳಿಯುತ್ತದೆ, ಜೋರು ಮಳೆಯಾದ ಮರುದಿನ ಅಲ್ಲಿ ದಾರಿಯೇ ಇರುವುದಿಲ್ಲ, ಕಂದು ನೀರು ಸೇತುವೆಯ ಕಂಬಗಳಿಗೆ ಸುತ್ತುಹಾಕುತ್ತಿರುತ್ತದೆ. ನೀರಿಳಿದ ಮೇಲೆ ಉಳಿಯುವ ಹೂಳು ನೀರಿಗಿಂತ ಅಪಾಯಕಾರಿ. ಒಣಗುತ್ತಿರುವ ಹೂಳಿನ ಮೇಲ್ಪದರ ಗಟ್ಟಿ ನೆಲದಂತೆ ಕಾಣುತ್ತದೆ, ಚಕ್ರ ಅದರ ಮೇಲೆ ಹತ್ತಿದೊಡನೆ ಒಡೆದು ಅಡಿಯ ಜಾರುಮಣ್ಣು ಹೊರಬರುತ್ತದೆ. ಅಂಥ ಒಂದು ನೆರೆ ಇಳಿದ ನಾಲ್ಕನೆಯ ದಿನ ನಾನು ಆತುರಪಟ್ಟು ಹೋದೆ, ಮೊದಲ ಸೇತುವೆಯ ಹತ್ತಿರ ಹಿಂದಿನ ಚಕ್ರ ಪಕ್ಕಕ್ಕೆ ಜಾರಿ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಸೈಕಲ್ಲಿನ ಸರಪಳಿಗೆ ಮೆತ್ತಿದ ಮಣ್ಣನ್ನು ಒರೆಸಲು ಏನಾದರೂ ಸಿಗಬಹುದೇ ಎಂದು ಸುತ್ತ ನೋಡುತ್ತಾ ಕೈಗೆ ಸಿಕ್ಕ ಎಲೆಗಳನ್ನು ಬಾಚಿಕೊಂಡೆ.

ಆ ಎಲೆಗಳನ್ನು ನಾನು ಬಲ್ಲೆ. ಅಂಗೈಗಿಂತ ಅಗಲದ, ಅಂಚಿನಲ್ಲಿ ಗರಗಸದಂಥ ಹಲ್ಲುಗಳಿರುವ, ಒಣಗಿದಾಗ ಚರ್ಮದಂತೆ ಗಡುಸಾಗುವ ಎಲೆಗಳು. ಕಾಡಿನ ದಾರಿಯ ಐದನೆಯ ಕಿಲೋಮೀಟರಿನ ತಿರುವಿನಲ್ಲಿ ನನ್ನ ಬ್ರೇಕನ್ನು ಪರೀಕ್ಷಿಸುವವು. ಹೊಳೆಯ ಉದ್ಯಾನದಲ್ಲಿ ಆ ಜಾತಿಯ ಒಂದು ಮರವೂ ಇಲ್ಲ. ಹೊಳೆಯ ಮೇಲ್ಭಾಗದಿಂದ ತೇಲಿ ಬಂದಿರಬಹುದೆಂದು ನೋಡಿದರೆ, ಅವು ದಂಡೆಯುದ್ದಕ್ಕೂ ಹರಡಿರಲಿಲ್ಲ. ಹೆದ್ದಾರಿಯ ಏರಿಯ ಕಡೆಯಿಂದ ಬೀಸಣಿಗೆಯಂತೆ ಹರಡಿಕೊಂಡು ಬಂದು ಈ ದಾರಿಯ ಮೇಲೆ ಪದರಗಟ್ಟಿದ್ದವು. ಸೈಕಲ್ಲನ್ನು ಮಲಗಿಸಿ ಅವು ಬಂದ ದಿಕ್ಕಿಗೆ ಪೊದೆಗಳನ್ನು ಸರಿಸುತ್ತಾ ನಡೆದೆ. ನಲವತ್ತು ಹೆಜ್ಜೆಗಳ ಆಚೆ, ಏರಿಯ ಬುಡದಲ್ಲಿ, ಮುಳ್ಳುಬಳ್ಳಿ ಇಳಿಬಿದ್ದ ಒಂದು ಚೌಕ ಮೋರಿಯ ಬಾಯಿ ಇತ್ತು. ಒಳಗಿನಿಂದ ಪಾದ ಮುಳುಗುವಷ್ಟು ನೀರು ಹರಿದು ಬರುತ್ತಿತ್ತು, ಇನ್ನೊಂದು ತುದಿಯಲ್ಲಿ ಹಸಿರು ಬೆಳಕು ಕಾಣುತ್ತಿತ್ತು.

ಮೋರಿ

ಕಾಡಿನಲ್ಲಿ ನಾನು ವಾರಕ್ಕೆರಡು ಬಾರಿ ಮರದ ಕಿರುಸೇತುವೆಯ ಮೇಲೆ ದಾಟುವ ಹಳ್ಳವೊಂದಿದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹಳ್ಳ ಹೊಳೆಗೆ ಸೇರಲೇಬೇಕು, ನಡುವೆ ಹೆದ್ದಾರಿ ಬಂದರೆ ಹೆದ್ದಾರಿಯನ್ನು ಕಟ್ಟುವವರು ಅದಕ್ಕೆ ದಾರಿ ಬಿಡಲೇಬೇಕು. ಬಿಡದಿದ್ದರೆ ಮೊದಲ ಮಳೆಗಾಲದಲ್ಲಿಯೇ ಏರಿ ಕೊಚ್ಚಿಹೋಗುತ್ತದೆ. ಸೈಕಲ್ಲಿನವರಿಗೆ, ಮಕ್ಕಳಿಗೆ, ನಡೆಯುವವರಿಗೆ ದಾರಿ ಬಿಡದಿದ್ದರೂ ರಸ್ತೆ ನಿಲ್ಲುತ್ತದೆ, ನೀರಿಗೆ ಬಿಡದಿದ್ದರೆ ನಿಲ್ಲುವುದಿಲ್ಲ. ಹೀಗಾಗಿ ನಾನು ಇಷ್ಟು ವರ್ಷ ಇಲ್ಲವೆಂದು ನಂಬಿಕೊಂಡಿದ್ದ ಸಂದು, ನಾನು ಹೆದ್ದಾರಿಯಲ್ಲಿ ಉಸಿರು ಬಿಗಿಹಿಡಿದು ಹೋಗುತ್ತಿದ್ದ ಆ 600 ಮೀಟರುಗಳ ಅಡಿಯಲ್ಲಿಯೇ ಇತ್ತು.

ನೀರು ಬತ್ತಿದ ತಿಂಗಳಲ್ಲಿ ಟಾರ್ಚು ಹಿಡಿದು ಒಳಗೆ ಹೋದೆ. ಎರಡು ಮೀಟರಿಗೆ ಸ್ವಲ್ಪ ಹೆಚ್ಚು ಎತ್ತರ, ಮೂರು ಮೀಟರು ಅಗಲ, ಮೂವತ್ತೆಂಟು ಹೆಜ್ಜೆ ಉದ್ದ. ತಲೆಯ ಮೇಲೆ ಲಾರಿಗಳು ಹೋಗುವ ಸದ್ದು ದೂರದ ಗುಡುಗಿನಂತೆ ಕೇಳುತ್ತದೆ. ನಾನೇ ಮೊದಲಿಗನೆಂದು ಭಾವಿಸಿಕೊಂಡಿದ್ದೆ, ಆದರೆ ನೆಲದ ಮೆದುಮಣ್ಣಿನಲ್ಲಿ ಬೇರೆ ಗುರುತುಗಳಿದ್ದವು: ಗೋಡೆಯನ್ನು ಒತ್ತಿಕೊಂಡು ಹೋದ ಯಾವುದೋ ಸಣ್ಣ ಪ್ರಾಣಿಯ ಹೆಜ್ಜೆ, ಚಪ್ಪಲಿಯ ಗುರುತು, ಮತ್ತು ನಡುವೆ ಒಂದೇ ಒಂದು ತೆಳು ಟೈರಿನ ಗೆರೆ. ಆ ಸವಾರ ಯಾರೆಂದು ನನಗೆ ಇವತ್ತಿಗೂ ತಿಳಿಯದು. ಪ್ರಾಣಿ ಗೋಡೆಯ ಬದಿಯ ಒಣ ಅಂಚನ್ನೇ ಹಿಡಿದು ಹೋಗಿದ್ದನ್ನು ನೋಡಿದಾಗ, ಬ್ರಿಟನ್ನಿನಲ್ಲಿ ನೀರುನಾಯಿಗಳಿಗಾಗಿ ಮೋರಿಗಳ ಒಳಗೋಡೆಗೆ ನೆರೆಯ ನೀರಿಗಿಂತ ಮೇಲಿರುವಂತೆ ಕಿರಿದಾದ ಚಾಚುಪಟ್ಟಿ ಕೂರಿಸುವ ವಾಡಿಕೆ ನೆನಪಿಗೆ ಬಂತು. ನೀರು ಉಕ್ಕಿದಾಗ ಮೋರಿಯೊಳಗೆ ಈಜಲಾರದ ನೀರುನಾಯಿಗಳು ರಸ್ತೆಯ ಮೇಲೆ ಹತ್ತಿ ಸಾಯುತ್ತಿದ್ದುದರಿಂದ ಹುಟ್ಟಿದ ಉಪಾಯ ಅದು. ಒಳಗೆ ಕಾಲಿಡಲು ಒಣ ಅಂಚಿದ್ದರೆ ಪ್ರಾಣಿ ರಸ್ತೆಗೆ ಹತ್ತುವುದಿಲ್ಲ. ಮಗುವಿಗೂ ಬೇಕಾದದ್ದು ಅಷ್ಟೇ, ಸ್ವಲ್ಪ ಅಗಲ ಹೆಚ್ಚು.

ಮೋರಿಯ ಒಂದು ಬದಿಗೆ, ನೆಲದಿಂದ ಅರ್ಧ ಮೀಟರು ಎತ್ತರದಲ್ಲಿ, ಒಂದೂವರೆ ಮೀಟರು ಅಗಲದ ಜಗಲಿ ಕಟ್ಟಿ, ಎರಡೂ ತುದಿಗಳಲ್ಲಿ ಇಳಿಜಾರಿನ ದಾರಿ ಮಾಡಿ, ಒಳಗೆ ಮಂದ ಬೆಳಕು ಹಾಕಿದರೆ ಸಾಕೆಂದು ನಾನು ಅರ್ಜಿ ಬರೆದೆ. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಲು ಯಾರಿಗೂ ತೊಂದರೆಯಿಲ್ಲ. ಕಾಡು ನೋಡಿಕೊಳ್ಳುವ ಕಚೇರಿಯವರು ಮೋರಿ ತಮ್ಮದಲ್ಲವೆಂದರು, ರಸ್ತೆಯ ಕಚೇರಿಯವರು ದಾರಿ ತಮ್ಮದಲ್ಲವೆಂದರು, ಉದ್ಯಾನದ ಕಚೇರಿಯವರು ತಮ್ಮ ಬೇಲಿ ಪೊದೆಗಳ ಈಚೆಗೇ ಮುಗಿಯುತ್ತದೆಂದರು. ಪ್ರತಿಯೊಬ್ಬರೂ ಸೌಜನ್ಯದಿಂದಲೇ ಮಾತನಾಡಿದರು, ಪ್ರತಿಯೊಬ್ಬರೂ ತಮ್ಮ ಭಾಗದ ನಕ್ಷೆಯನ್ನು ತೋರಿಸಿದರು. ಮೂರು ನಕ್ಷೆಗಳನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದಾಗ ಮೋರಿ ಇರುವ ಜಾಗ ಮೂರರಲ್ಲಿಯೂ ಕಾಗದದ ಅಂಚಿಗೆ ಬಂದಿತ್ತು. ಇದು ನನಗೆ ಕೋಪಕ್ಕಿಂತ ಹೆಚ್ಚಾಗಿ ದುಃಖ ತಂದಿತು, ಏಕೆಂದರೆ ಕೆಟ್ಟ ಮನಸ್ಸಿನವರು ಯಾರೂ ಇಲ್ಲದೆಯೇ ಒಂದು ಮಗು ಹೊಳೆಯನ್ನು ನೋಡಿಯೂ ಹಿಂದಿರುಗಬೇಕಾಗುತ್ತದೆ.

ಕೊನೆಗೆ ಒಂದು ಕಚೇರಿಯ ಎಂಜಿನಿಯರೊಬ್ಬರು ನನ್ನೊಂದಿಗೆ ಜಾಗಕ್ಕೆ ಬಂದು ನೋಡಲು ಒಪ್ಪಿದರು. ಮೋರಿಯೊಳಗೆ ನಿಂತು, ಗೋಡೆಯ ಮೇಲಿನ ಹಳೆಯ ನೀರಿನ ಕಲೆಗಳನ್ನು ಬೆರಳಿನಿಂದ ಮುಟ್ಟಿ, ಅವರು ಕೇಳಿದ್ದು ಒಂದೇ ಪ್ರಶ್ನೆ: ವರ್ಷದಲ್ಲಿ ಎಷ್ಟು ದಿನ ಜಗಲಿಯ ಮಟ್ಟಕ್ಕಿಂತ ಮೇಲೆ ನೀರು ನಿಲ್ಲುತ್ತದೆ? ಜಗಲಿ ಕಟ್ಟಿದರೆ ನೀರಿನ ದಾರಿ ಅಷ್ಟು ಕಿರಿದಾಗುತ್ತದೆ, ದೊಡ್ಡ ಮಳೆಗೆ ಉಳಿದ ಜಾಗ ಸಾಕಾಗುವುದೇ ಎಂದು ಲೆಕ್ಕ ಹಾಕದೆ ಯಾರೂ ಸಹಿ ಮಾಡಲಾರರು. ಅವರ ಪ್ರಶ್ನೆ ನ್ಯಾಯವಾದದ್ದು. ಆ ಹಳ್ಳದ ನೀರನ್ನು ಯಾರೂ ಅಳೆದಿರಲಿಲ್ಲವಾದ್ದರಿಂದ ಅದಕ್ಕೆ ಉತ್ತರ ಯಾರ ಬಳಿಯೂ ಇರಲಿಲ್ಲ.

ಆದ್ದರಿಂದ ಅವರ ಒಪ್ಪಿಗೆ ಪಡೆದು ಮೋರಿಯ ಬಾಯಿಯ ಒಳಗೋಡೆಗೆ ಬಿಳಿ ಬಣ್ಣದಲ್ಲಿ ಹತ್ತು ಸೆಂಟಿಮೀಟರಿಗೊಂದರಂತೆ ಗೆರೆ ಎಳೆದಿದ್ದೇವೆ. ಎಳೆದವಳು ತಂಗಿಯ ಮಗಳು, ಅಳತೆಪಟ್ಟಿ ಹಿಡಿದವನು ನಾನು. ಅವಳಿಗೆ ಈಗ ಹನ್ನೊಂದು ವರ್ಷ. ಮಳೆಗಾಲ ಶುರುವಾದಾಗಿನಿಂದ ಮೋರಿಯೊಳಗೆ ಹೋಗುವಂತಿಲ್ಲ, ಹಾಗಾಗಿ ವಾರಕ್ಕೆರಡು ಬಾರಿ ಕಾಡಿನ ಕಡೆಯಿಂದ ಸೈಕಲ್ಲಿನಲ್ಲಿ ಬಂದು, ಏರಿಯ ಬುಡದಲ್ಲಿ ನಿಂತು, ನೀರು ಯಾವ ಗೆರೆಯಲ್ಲಿದೆಯೆಂದು ನೋಡಿ ಬರೆದುಕೊಳ್ಳುತ್ತೇವೆ. ಮಳೆ ನಿಂತ ಮೇಲೆ ನೀರು ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆಂಬುದನ್ನೂ ಬರೆಯಬೇಕೆಂದು ಅವಳೇ ಸೂಚಿಸಿದಳು, ಅದಕ್ಕಾಗಿ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿಸಿದೆವು. ಇದುವರೆಗೆ ನೀರು ಐದನೆಯ ಗೆರೆಯನ್ನು ಮುಟ್ಟಿದ್ದು ಎರಡೇ ಬಾರಿ. ನಿನ್ನೆ ಸಂಜೆ ಹೋದಾಗ ಮೂರನೆಯ ಗೆರೆ ಅರ್ಧ ಮುಳುಗಿತ್ತು, ನಾಲ್ಕನೆಯದು ತೊಳೆದಂತೆ ಬೆಳ್ಳಗಿತ್ತು.